ಟೊಂಕ ನೋವಿಗೆ ತೊಡೆ ಕೀಲು ಯಾಕೆ ಬದಲಿಸಿದ್ರು?

"ಟೊಂಕ ನೋವು ಅಂತಿದ್ರಿ, ತೊಡೆ ಕೀಲು ಯಾಕ ಬದಲಿ ಮಾಡಿಸಿದ್ರಿ?" ಗಂಗಾವತಿ ಸಂತೆಯಲ್ಲಿ, ಮದುವೆ ಊಟದಲ್ಲಿ, ಎಲ್ಲಿ ಸಿಕ್ಕರೂ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಇದನ್ನೇ ಓದಿಕೊಳ್ಳಿ.

ಕೇಳಿದರೆ ಬೇಜಾರಿಲ್ಲ. ಆದರೆ ಹೋದ ತಿಂಗಳು ಕೊಪ್ಪಳದ ಗೃಹಪ್ರವೇಶವೊಂದರಲ್ಲಿ ನಮ್ಮ ಬೀಗರೊಬ್ಬರು, "ಡಾಕ್ಟರ್ ನಿಮಗ ಟೋಪಿ ಹಾಕ್ಯಾನ" ಅಂದುಬಿಟ್ಟರು. ಸಿಟ್ಟು ನೆತ್ತಿಗೇರಿತು. ಮೂರು ವರ್ಷ ಟೊಂಕಕ್ಕೆ ಬೆಲ್ಟ್ ಬಿಗಿದುಕೊಂಡು ಓಡಾಡಿದವಳು ನಾನು. ಬೆನ್ನಿನ ಎಕ್ಸ್‌ರೇ ಆಯಿತು, ಎಂಆರ್‌ಐ ಆಯಿತು. ತೊಡೆ ಕೀಲನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

ನೋಡಿದ್ದು ಬಳ್ಳಾರಿಯ ಒಬ್ಬ ಡಾಕ್ಟರ್. ಅಂಗಾತ ಮಲಗಿಸಿ, ನೋವಿಲ್ಲದ ಎಡಗಾಲಿನ ಮೊಣಕಾಲನ್ನು ಎದೆಗೆ ಒತ್ತಿ ಹಿಡಿದರು. ಬಲತೊಡೆ ತಾನಾಗೇ ಮಂಚದಿಂದ ಮೇಲೆದ್ದಿತು. ಇಳಿಸಿದರೂ ಇಳಿಯಲಿಲ್ಲ. "ಅಮ್ಮಾ, ಈ ಕೀಲು ಬಾಗಿದಲ್ಲೇ ಬಿಗಿದುಬಿಟ್ಟಿದೆ. ನೀವು ನೆಟ್ಟಗೆ ನಿಲ್ಲೋಕೆ ಟೊಂಕ ಡೊಂಕಾಗಲೇಬೇಕು" ಅಂದರು.

ಕೀಲಿನೊಳಗಿನ ಮೆತ್ತೆ ಸವೆದು ತೊಡೆ ಹಿಂದಕ್ಕೆ ಚಾಚದಿದ್ದರೆ, ಆ ಕೆಲಸವೂ ಟೊಂಕದ ಮೇಲೆ ಬೀಳುತ್ತದೆ. ಪ್ರತಿ ಹೆಜ್ಜೆಗೂ. ಜೊತೆಗೆ ಕುಂಟು ನಡಿಗೆ ಬೇರೆ. 1983ರಲ್ಲೇ ಆಫಿಯರ್ಸ್ಕಿ ಮತ್ತು ಮ್ಯಾಕ್‌ನ್ಯಾಬ್ ಅನ್ನೋ ಇಬ್ಬರು ವೈದ್ಯರು ಇದನ್ನು ಹಿಪ್-ಸ್ಪೈನ್ ಸಿಂಡ್ರೋಮ್ ಅಂತ ಕರೆದಿದ್ದಾರೆ. ಹಿಪ್ ಅಂದರೆ ತೊಡೆ ಕೀಲು, ಸ್ಪೈನ್ ಅಂದರೆ ಬೆನ್ನುಮೂಳೆ. ನಾವೋ, ಟೊಂಕಕ್ಕೂ ಸೊಂಟ ಅಂತೀವಿ, ತೊಡೆ ಕೀಲಿಗೂ ಸೊಂಟದ ಕೀಲು ಅಂತೀವಿ. ಗೊಂದಲ ಆಗದೆ ಇರುತ್ತಾ?

ಹಾಗಂತ ಬೆನ್ನು ನೋವು ಇದ್ದವರೆಲ್ಲ ಸುಮ್ನೆ ಆಪರೇಶನ್‌ಗೆ ಓಡಬೇಡಿ. ಡಿಸ್ಕ್ ಜಾರಿ ನರ ಒತ್ತಿದ್ದರೆ, ಆ ನೋವು ಕೀಲು ಬದಲಿಸಿದರೆ ಹೋಗಲ್ಲ. ನನ್ನ ಕೀಲೇ ಹಾಳಾಗಿತ್ತು, ಬದಲಿಸಿದರು. ಟೊಂಕದ ಹೊರೆ ಇಳಿಯಿತು.

ನನ್ನನ್ನು ಆಗಲೇ ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು: "ನಿಮ್ಮ ಕಾಲಿನ ಉಗುರು ಯಾರು ತೆಗೀತಾರ?" ಎರಡು ವರ್ಷ ಮಗಳೇ ತೆಗೆಯುತ್ತಿದ್ದಳು. ಬಗ್ಗಿದರೆ ತೊಡೆ ಸಂದಿಯಲ್ಲಿ ಹಿಡಿದುಕೊಳ್ಳುತ್ತಿತ್ತು. ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡು ಇದನ್ನು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಅವರೂ ಕೇಳಲಿಲ್ಲ.

ಅವತ್ತು ಹೊರಡುವಾಗ ಅದೇ ಬೀಗರು ಗೋಡೆ ಹಿಡಿದು, ಬಗ್ಗಲಾರದೆ, ಬೆರಳಲ್ಲೇ ತಡಕಾಡಿ ಚಪ್ಪಲಿ ಮೆಟ್ಟುತ್ತಿದ್ದರು. "ಟೊಂಕ ಹಿಡದೈತ್ರೀ" ಅಂದರು. ನನ್ನ ಸಿಟ್ಟು ಇಳಿಯಿತು.

"ಅಣ್ಣಾರ, ನಿಮ್ಮ ಉಗುರು ಯಾರು ತೆಗೀತಾರ?" ಅಂತ ಕೇಳಿದೆ.

ಅವರು ಹೆಂಡತಿ ಕಡೆ ನೋಡಿದರು.