ಕಾಲು ನೋಡ್ಕಂಡು ಇಡ್ಬೇಕು

"ಮಿಷನ್ ಕರೆಕ್ಟಾಗೇ ಐತೆ ಯಜಮಾನ್ರೇ, ಕಾಲು ನೋಡ್ಕಂಡು ಇಡ್ಬೇಕು ಅಷ್ಟೆ."

ಮಂಗಳವಾರದಿಂದ ಈ ಮಾತು ತಲೆ ಬಿಟ್ಟು ಹೋಗ್ತಾ ಇಲ್ಲ. ಹೇಳಿದ್ದು ತುಮಕೂರು ಕಡೆಯ ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಎಮಿಷನ್ ಟೆಸ್ಟ್ ಮಾಡುವ ಹುಡುಗ. ಹೇಳಿಸಿಕೊಂಡವರು ನಮ್ಮ ಚಿಕ್ಕಪ್ಪ. ಪಕ್ಕದ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದವನು ನಾನು, ಅಂದರೆ ಎಂಜಿನ್ ಒಳಗೆ ಮಸಿ ಹೇಗೆ ಹುಟ್ಟತ್ತೆ, ಎಷ್ಟು ಹುಟ್ಟತ್ತೆ ಅಂತ ಅಳೆಯೋದೇ ಕೆಲಸ ಮಾಡಿಕೊಂಡು ಸಂಬಳ ತಗೊಳ್ಳೋ ಮನುಷ್ಯ.

ಚಿಕ್ಕಪ್ಪನದು ಹಳೇ ಡೀಸೆಲ್ ಜೀಪು. ಬಿಎಸ್ 4, ಅಂದರೆ ಭಾರತ್ ಸ್ಟೇಜ್ ಅನ್ನೋ ಹೊಗೆ ನಿಯಮದ ನಾಲ್ಕನೇ ಹಂತ, ಬರೋದಕ್ಕಿಂತ ಮುಂಚಿನದು. ಅದರ ಮೇಲೆ ಅವರಿಗಿರುವ ಪ್ರೀತಿ ನಮ್ಮ ಚಿಕ್ಕಮ್ಮನ ಮೇಲೂ ಇಲ್ಲ, ಇದನ್ನ ಚಿಕ್ಕಮ್ಮನೇ ಹೇಳ್ತಾರೆ. ಹುಡುಗ ನಂಬರ್ ಪ್ಲೇಟಿನ ಫೋಟೋ ತೆಗೆದ, ಸೈಲೆನ್ಸರಿಗೆ ಪೈಪು ತೂರಿಸಿದ, "ಒತ್ತಿ" ಅಂದ. ಚಿಕ್ಕಪ್ಪ ಯಾವುದನ್ನೂ ಅರ್ಧಂಬರ್ಧ ಮಾಡೋ ಆಸಾಮಿ ಅಲ್ಲ. ಆಕ್ಸಿಲರೇಟರ್ ಪೆಡಲನ್ನ ಧಡ್ ಅಂತ ಒತ್ತಿದರು. ಹಿಂದೆ ಕರ್ರಗೆ ಒಂದು ಮೋಡವೇ ಎದ್ದಿತು. ಸ್ಕ್ರೀನಿನಲ್ಲಿ 3.1 ಬಂತು. ಆ ಕಾಲದ ಗಾಡಿಗೆ ಇರೋ ಮಿತಿ 2.45. ಅಂದರೆ ಫೇಲ್.

ಹುಡುಗ ಮುಖದಲ್ಲಿ ಏನೂ ತೋರಿಸಲಿಲ್ಲ. ಆ ರೀಡಿಂಗ್ ಸೇವ್ ಮಾಡಲಿಲ್ಲ, ಅಷ್ಟೇ. ಕಿಟಕಿ ಹತ್ತಿರ ಬಂದು ಆ ಮಾತು ಹೇಳಿದ. ಎರಡನೇ ಸುತ್ತಿಗೆ ಚಿಕ್ಕಪ್ಪ ಮದುವೆ ಗಂಡು ಅಕ್ಕಿ ಮೇಲೆ ಕಾಲಿಡೋ ಹಾಗೆ ಮೆತ್ತಗೆ ಒತ್ತಿದರು. 1.2. ಪ್ರಿಂಟ್ ಬಂತು, ದುಡ್ಡು ಕೊಟ್ಟೆವು, ಮುಗೀತು.

ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕಂದ್ರೆ ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಮಿಷನ್ ಕರೆಕ್ಟಾಗೇ ಇತ್ತು.

ಆ ಮಿಷನ್ ಮಾಡೋದು ತುಂಬಾ ಸರಳವಾದ ಕೆಲಸ. ಒಂದು ಕಡೆ ಬಲ್ಬು, ಇನ್ನೊಂದು ಕಡೆ ಬೆಳಕು ಅಳೆಯೋ ಸೆನ್ಸರ್, ನಡುವೆ ಹೊಗೆ. 43 ಸೆಂಟಿಮೀಟರ್ ಉದ್ದದ ಹೊಗೆಯಲ್ಲಿ ಎಷ್ಟು ಬೆಳಕು ತಡೆಯಿತು ಅನ್ನೋದೇ ಲೆಕ್ಕ. 2.45 ಅಂದರೆ ಆ ಉದ್ದದಲ್ಲಿ 65% ಬೆಳಕು ತಡೆದು ಹೋಯ್ತು ಅಂತ. ಬಿಎಸ್ 4 ಗಾಡಿಗಳಿಗೆ ಮಿತಿ 1.62, ಅಂದರೆ ಅರ್ಧ ಬೆಳಕು. ಮಿಷನ್‌ಗೆ ಜೀಪೂ ಗೊತ್ತಿಲ್ಲ, ಚಿಕ್ಕಪ್ಪನೂ ಗೊತ್ತಿಲ್ಲ. ಎದುರಿಗೆ ಬಂದ ಹೊಗೆ ಎಷ್ಟು ದಟ್ಟ ಅಂತ ಮಾತ್ರ ಹೇಳತ್ತೆ.

ಪೆಡಲನ್ನ ಪೂರ್ತಿ ಒತ್ತಬೇಕು, ಅದೂ ಒಂದೇ ಏಟಿಗೆ ಒತ್ತಬೇಕು ಅಂತ ನಿಯಮ ಮಾಡಿರೋದಕ್ಕೆ ಕಾರಣ ಇದೆ. ಡೀಸೆಲ್ ತಕ್ಷಣ ಒಳಗೆ ಬರತ್ತೆ. ಗಾಳಿ ಬರಲ್ಲ. ಗಾಳಿ ಒಳಗೆ ತಳ್ಳೋ ಟರ್ಬೊ ಸುತ್ತಿ ವೇಗ ಹಿಡಿಯೋದಕ್ಕೆ ಒಂದಿಷ್ಟು ಹೊತ್ತು ಬೇಕು. ಆ ಸಣ್ಣ ಅವಧಿಯಲ್ಲಿ ಎಂಜಿನ್‌ಗೆ ಊಟ ಜಾಸ್ತಿ, ಉಸಿರು ಕಮ್ಮಿ. ಡೀಸೆಲ್ ಪಂಪು ಸರಿಯಿಲ್ಲದಿದ್ದರೆ, ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ, ಏರ್ ಫಿಲ್ಟರ್ ಕಟ್ಟಿದ್ದರೆ ಬಣ್ಣ ಬಯಲಾಗೋದು ಆಗಲೇ. ಹೊಸ ಗಾಡಿಗಳಲ್ಲಿ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಗಾಳಿ ಎಷ್ಟಿದೆ ನೋಡಿಕೊಂಡು ಡೀಸೆಲ್ ಬಿಡತ್ತೆ, ನೀವೆಷ್ಟೇ ತುಳಿದರೂ. ಹಳೇ ಗಾಡಿಗಳಲ್ಲಿ ಆ ಬುದ್ಧಿ ಪಂಪಿನ ಸ್ಕ್ರೂನಲ್ಲಿರತ್ತೆ. ಆ ಸ್ಕ್ರೂ ತಿರುಗಿಸಿ "ಪಿಕಪ್ ಬರತ್ತೆ ಸಾರ್" ಅನ್ನೋ ಮೆಕ್ಯಾನಿಕ್ ಪ್ರತಿ ಊರಲ್ಲೂ ಇರ್ತಾನೆ. ಪಿಕಪ್ ನಿಜವಾಗ್ಲೂ ಬರತ್ತೆ, ಜೊತೆಗೆ ಹೊಗೆನೂ. ಅರ್ಧ ಒತ್ತಿದರೆ ಇದ್ಯಾವುದೂ ಕಾಣಲ್ಲ.

ಬುಧವಾರ ಲ್ಯಾಬಿಗೆ ಹೋದಾಗಲೂ ಅದೇ ಮಾತು. ಕಾಲು ನೋಡ್ಕಂಡು.

ನಮ್ಮಲ್ಲಿ ಒಂದು ಎಂಜಿನ್ ಇದೆ, ಒಂದೇ ಸಿಲಿಂಡರಿನದು. ಪಿಸ್ಟನ್ ತಲೆಯಲ್ಲಿ ಲೋಹ ಅಲ್ಲ, ಕ್ವಾರ್ಟ್ಜ್ ಗಾಜಿನ ಕಿಟಕಿ. ಪಿಸ್ಟನ್ ಉದ್ದ ಮಾಡಿ, ಕೆಳಗೆ 45 ಡಿಗ್ರಿಯಲ್ಲಿ ಕನ್ನಡಿ ಇಟ್ಟಿರುತ್ತಾರೆ. ಆ ಕನ್ನಡಿಗೆ ಕ್ಯಾಮೆರಾ ಹಿಡಿದರೆ ಬೆಂಕಿಯನ್ನ ಕೆಳಗಿನಿಂದ ನೋಡಬಹುದು. 1960ರ ಆಸುಪಾಸಿನಲ್ಲಿ ಬೌಡಿಚ್ ಅನ್ನೋರು ಮಾಡಿದ ಏರ್ಪಾಡು ಇದು, ಇವತ್ತಿಗೂ ಅವರ ಹೆಸರಿನಲ್ಲೇ ನಡೀತಿದೆ. ನೋಡೋಕೆ ಅದ್ಭುತ. ಕೂದಲೆಳೆಯಂಥ ತೂತುಗಳಿಂದ 1600, 2000 ಬಾರ್ ಒತ್ತಡದಲ್ಲಿ ಡೀಸೆಲ್ ಚಿಮ್ಮತ್ತೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಹೂವಿನ ದಳಗಳ ಹಾಗೆ ಹಳದಿ ಬೆಳಕು. ಆ ಹಳದಿ ಬಹುಪಾಲು ಮಸಿಯದೇ. ಕಾದ ಮಸಿ ಹೊಳೆಯೋದನ್ನೇ ನಾವು ಬೆಂಕಿ ಅಂತೀವಿ. ಎರಡು ಬೇರೆ ಬಣ್ಣಗಳಲ್ಲಿ ಆ ಹೊಳಪು ಎಷ್ಟು ಅಂತ ಅಳೆದರೆ ಅದರ ಬಿಸಿ ಎಷ್ಟು, ಮಸಿ ಎಷ್ಟು ಎರಡೂ ಸಿಗತ್ತೆ. ಲೇಸರ್ ಹೊಡೆದು ಕಣಗಳನ್ನ ಸುಮಾರು 4000 ಕೆಲ್ವಿನ್‌ಗೆ ಕಾಯಿಸಿ, ಅವು ತಣ್ಣಗಾಗೋ ವೇಗದಿಂದ ಗಾತ್ರ ಅಂದಾಜು ಮಾಡೋ ವಿಧಾನವೂ ಇದೆ. ದೊಡ್ಡ ಕಣ ನಿಧಾನ ತಣಿಯತ್ತೆ.

ಜನ ಅಂದುಕೊಂಡಿರೋದು ಎಂಜಿನ್ ಕೆಟ್ಟಾಗ ಮಸಿ ಹುಟ್ಟತ್ತೆ ಅಂತ. ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಪ್ರತಿ ಸಲ ಉರಿದಾಗಲೂ ಮಸಿ ಹುಟ್ಟತ್ತೆ, ಬೇಜಾನ್ ಹುಟ್ಟತ್ತೆ. ಅದರಲ್ಲಿ ಬಹುಪಾಲು ಒಳಗೇ ಉರಿದು ಹೋಗತ್ತೆ. ಸೈಲೆನ್ಸರಿನಿಂದ ಬರೋದು ಉಳಿಕೆ ಮಾತ್ರ. ಎಲ್ಲಿ ಹುಟ್ಟತ್ತೆ ಅನ್ನೋದರ ಬಗ್ಗೆಯೇ ಬಹಳ ಕಾಲ ತಪ್ಪು ಕಲ್ಪನೆ ಇತ್ತು, ಉರಿಯ ಅಂಚಿನಲ್ಲಿ ಅಂತ. ಅಮೆರಿಕದ ಸ್ಯಾಂಡಿಯಾ ಲ್ಯಾಬಿನಲ್ಲಿ ಜಾನ್ ಡೆಕ್ ಇಂಥದ್ದೇ ಕಿಟಕಿ ಇರೋ ಎಂಜಿನ್ನಿಗೆ ಲೇಸರ್ ಬಿಟ್ಟು ನೋಡಿ 1997ರಲ್ಲಿ ಚಿತ್ರ ಬದಲಾಯಿಸಿದರು. ಡೀಸೆಲ್ ಆವಿಯಾಗಿ, ಗಾಳಿ ಸಾಲದೆ ಉರಿಯೋ ಒಳಭಾಗದಲ್ಲೇ ಮಸಿ ಹುಟ್ಟತ್ತೆ. ಹೊರಗಿನ ಉರಿ ಅದನ್ನ ಸುಡೋ ಕಡೆ. ಆ ಚಿತ್ರವನ್ನ ಮೊದಲ ಸಲ ನೋಡಿದಾಗ ಆದ ಖುಷಿ ನನಗೆ ಇನ್ನೂ ಇದೆ.

ಸರಿ, ಇದೆಲ್ಲ ದೊಡ್ಡ ಮಾತಾಯ್ತು. ವಾಸ್ತವ ಏನು ಗೊತ್ತಾ? ಸ್ವಲ್ಪ ಹೊತ್ತು ಓಡಿಸೋದು, ಆಮೇಲೆ ಕಿಟಕಿ ಒರೆಸೋದು. ಅಳೆಯಬೇಕಾದ ಮಸಿಯೇ ಕಿಟಕಿಗೆ ಮೆತ್ತಿಕೊಂಡು ಕಣ್ಣು ಕಟ್ಟತ್ತೆ. ಗಾಜು ಬಿಸಿಯಾಗಿ ಒಡೆಯಬಾರದು ಅಂತ ಪ್ರತಿ ಸುತ್ತಿಗೂ ಇಂಧನ ಕೊಡಲ್ಲ. ಒಂದು ಸಲ ಉರಿಸಿ, ಆಮೇಲೆ ಹಲವು ಸುತ್ತು ಸುಮ್ನೆ ಮೋಟಾರಿನಿಂದ ತಿರುಗಿಸ್ತೀವಿ. ಯಾವ ಲಾರಿಯವನು ಹಾಗೆ ಓಡಿಸ್ತಾನೆ ಹೇಳಿ? ನಾವೂ ಕಾಲು ನೋಡ್ಕಂಡೇ ಇಡ್ತಿದೀವಿ. ವ್ಯತ್ಯಾಸ ಇಷ್ಟೇ, ನಾವು ಎಷ್ಟು ಮೆತ್ತಗಿಟ್ಟೆವು ಅಂತ ರಿಪೋರ್ಟಿನಲ್ಲಿ ಬರೀತೀವಿ. ಹುಡುಗ ಬರೆಯಲ್ಲ.

ಇನ್ನೂ ಮೇಲೆ ಹೋದರೂ ಅದೇ ಕಥೆ. ನಮ್ಮ ದೇಶದಲ್ಲಿ ಹೊಸ ಮಾಡೆಲ್ ಕಾರಿಗೆ ಒಪ್ಪಿಗೆ ಕೊಡುವಾಗ ರೋಲರ್ ಮೇಲೆ ಓಡಿಸ್ತಾರೆ. ಯಾವ ಸೆಕೆಂಡಿಗೆ ಎಷ್ಟು ವೇಗ ಅಂತ ಮೊದಲೇ ಬರೆದಿಟ್ಟಿರತ್ತೆ. ಅತಿ ಹೆಚ್ಚು ಅಂದರೆ 90 ಕಿಲೋಮೀಟರ್ ವೇಗ. ನಮ್ಮ ಹೈವೇನಲ್ಲಿ 90ರಲ್ಲಿ ಹೋದರೆ ಹಿಂದಿನವನು ಹಾರನ್ ಹೊಡೀತಾನೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಆಟದಲ್ಲಿ. ಅಲ್ಲಿ ವಿಷಯ ಮಸಿ ಅಲ್ಲ, ನೈಟ್ರೋಜನ್ ಆಕ್ಸೈಡು. ಟೆಸ್ಟ್ ನಡೀತಿದೆ ಅಂತ ಸಾಫ್ಟ್‌ವೇರೇ ಗುರುತಿಸಿ ಒಳ್ಳೇ ಹುಡುಗನ ಥರ ನಡೆದುಕೊಳ್ತಿತ್ತು. ಬಂಕಿನ ಹುಡುಗ ಬಾಯಲ್ಲಿ ಹೇಳಿದ್ದನ್ನ ಅವರು ಕೋಡಿನಲ್ಲಿ ಬರೆದರು. ಆಮೇಲೆ ಹಲವು ಕಡೆ ರಸ್ತೆ ಮೇಲೇ ಅಳೆಯೋ ನಿಯಮ ಬಂತು. ನಮ್ಮಲ್ಲಿ 2023ರ ಏಪ್ರಿಲ್‌ನಿಂದ.

ಗುರುವಾರ ಊಟದ ಹೊತ್ತಿಗೆ ಇದನ್ನೆಲ್ಲ ಹೇಳಿದಾಗ ಜೊತೆಗಿದ್ದ ಹುಡುಗಿ, ನಮ್ಮಲ್ಲಿ ಕಣ ಎಣಿಸೋ ಯಂತ್ರ ನೋಡಿಕೊಳ್ಳೋಳು, "ಸಾರ್, ನಿಮ್ಮ ಚಿಕ್ಕಪ್ಪನ ಜೀಪು ಪ್ರಾಮಾಣಿಕ" ಅಂದಳು. ಅವಳು ಮಾತಾಡೋದೇ ಕಮ್ಮಿ, ಆಡಿದರೆ ಹೀಗೆ. ಅವಳು ಹೇಳಿದ್ದು ಸರಿ. ಜೀಪಿನ ಹೊಗೆ ಕಣ್ಣಿಗೆ ಕಾಣತ್ತೆ. ಬಿಎಸ್ 6 ಡೀಸೆಲ್ ಕಾರಿನ ಹೊಗೆ ಕಾಣೋದೇ ಇಲ್ಲ. ಅದು ಬಿಡಬಹುದಾದ ಕಣಗಳ ಮಿತಿ ಕಿಲೋಮೀಟರಿಗೆ 4.5 ಮಿಲಿಗ್ರಾಂ, ಬಿಎಸ್ 4ಕ್ಕೆ 25 ಇತ್ತು. ಜೊತೆಗೆ ಕಣಗಳ ಸಂಖ್ಯೆಗೂ ಮಿತಿ, ಕಿಲೋಮೀಟರಿಗೆ 60,000 ಕೋಟಿ. ನೇರ ಇಂಜೆಕ್ಷನ್ ಇರೋ, ಅಂದರೆ ಪೆಟ್ರೋಲನ್ನ ನೇರ ಸಿಲಿಂಡರಿನೊಳಗೇ ಚಿಮ್ಮಿಸೋ, ಪೆಟ್ರೋಲ್ ಕಾರಿಗೂ ಇದೇ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ತಣ್ಣನೆ ಪಿಸ್ಟನ್ ಮೇಲೆ ಪೆಟ್ರೋಲ್ ಬಿದ್ದು ಒದ್ದೆಯಾಗಿ ಉರಿಯತ್ತಲ್ಲ, ಅಲ್ಲಿ ಮಸಿ ಜೋರಾಗೇ ಹುಟ್ಟತ್ತೆ.

ಅವಳ ಯಂತ್ರದ ಪಕ್ಕ ನಿಂತರೆ ಬ್ಯೂಟನಾಲ್ ಅನ್ನೋ ಒಂದು ಥರದ ಆಲ್ಕೋಹಾಲಿನ ವಾಸನೆ. ಕಣಗಳು ಬೆಳಕಿಗೂ ಕಾಣದಷ್ಟು ಚಿಕ್ಕವು, ಅದಕ್ಕೆ ಬ್ಯೂಟನಾಲ್ ಆವಿಯಲ್ಲಿ ಬಿಟ್ಟು, ಒಂದೊಂದರ ಮೇಲೂ ಹನಿ ಕಟ್ಟಿಸಿ, ದಪ್ಪ ಮಾಡಿ ಎಣಿಸೋದು. ಬಂಕಿನ ಬಲ್ಬು ಇವುಗಳ ಮುಂದೆ ಕುರುಡು. ಮಸಿ ಹಿಡಿಯೋ ಫಿಲ್ಟರ್ ಒಡೆದಿದ್ದರೂ, ಮೆಕ್ಯಾನಿಕ್ ಕಿತ್ತು ಹಾಕಿದ್ದರೂ ಕಾರು ಆರಾಮಾಗಿ ಪಾಸಾಗಬಹುದು. ಯುರೋಪಿನವರಿಗೆ ಇದು ಅರ್ಥವಾಗಿದೆ. ನೆದರ್‌ಲ್ಯಾಂಡ್ಸ್, ಜರ್ಮನಿಗಳಲ್ಲಿ 2023ರಿಂದ ಮಾಮೂಲಿ ತಪಾಸಣೆಯಲ್ಲೂ ಕಣ ಎಣಿಸ್ತಾರೆ. ನನಗೆ ತುಂಬಾ ಹಿಡಿಸಿದ ವಿಷಯ ಅಂದರೆ, ಆ ಟೆಸ್ಟ್ ಮಾಡೋದು ಐಡಲ್‌ನಲ್ಲಿ. ಎಂಜಿನ್ ಸುಮ್ನೆ ಓಡ್ತಾ ಇರತ್ತೆ, ಪೆಡಲ್ ಮುಟ್ಟೋದೇ ಬೇಡ. ಫಿಲ್ಟರ್ ಸರಿಯಿದ್ದರೆ ಸಂಖ್ಯೆ ಕಮ್ಮಿ, ಒಡೆದಿದ್ದರೆ ಎಲ್ಲಿಗೋ ಹಾರತ್ತೆ. ಕಾಲಿಗೆ ಕೆಲಸವೇ ಇಲ್ಲ. ಇದನ್ನ ಯೋಚಿಸಿದವರು ಯಾರೋ, ಅವರಿಗೆ ಎಂಜಿನ್ ಜೊತೆ ಮನುಷ್ಯರೂ ಗೊತ್ತಿದ್ದಿರಬೇಕು.

ಫಿಲ್ಟರೇ ಇಲ್ಲದ ಚಿಕ್ಕಪ್ಪನ ಜೀಪಿಗೆ ಅದು ಉಪಯೋಗ ಇಲ್ಲ, ಬಿಡಿ. ಅದಕ್ಕೆ ಪೂರ್ತಿ ಒತ್ತೋ ಟೆಸ್ಟೇ ಬೇಕು, ಒತ್ತಿಸೋ ಮನುಷ್ಯ ಬೇಕು. ಆ ಹುಡುಗ ಯಾಕೆ ಒತ್ತಿಸಬೇಕು? ಅವನು ಫೇಲ್ ಮಾಡಿದರೆ ಗಿರಾಕಿ ಮುಂದಿನ ಬಂಕಿಗೆ ಹೋಗ್ತಾನೆ. ಹೊಟ್ಟೆಪಾಡು ಸರ್ಟಿಫಿಕೇಟಿನ ಮೇಲೆ ನಿಂತಿರೋವಾಗ ಫೇಲ್ ಮಾಡೋ ಧೈರ್ಯ ನನಗಿರುತ್ತಿತ್ತಾ? ನನ್ನ ಸಂಬಳ 3.1 ಬಂದರೂ ಅಷ್ಟೇ, 1.2 ಬಂದರೂ ಅಷ್ಟೇ. ಅವನ ಮೇಲೆ ಬೆರಳು ತೋರಿಸೋದು ಸುಲಭ. ಅವನು ಜಾಣ, ಕೈ ಚುರುಕು, ನಮ್ಮ ಲ್ಯಾಬಿನಲ್ಲಿದ್ದರೆ ಒಳ್ಳೇ ಟೆಕ್ನಿಷಿಯನ್ ಆಗ್ತಿದ್ದ. ತಪ್ಪು ಅನ್ನೋದಾದರೆ, ಪರೀಕ್ಷೆ ಮಾಡೋನ ಕೂಲಿಯನ್ನ ಪರೀಕ್ಷೆಗೆ ಬಂದವನೇ ಕೊಡೋ ಹಾಗೆ ವ್ಯವಸ್ಥೆ ಮಾಡಿಟ್ಟವರದು.

ಶುಕ್ರವಾರ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಇಂಜೆಕ್ಟರ್ ಬಿಚ್ಚಿಸಿ ಪಂಪ್ ಅಂಗಡಿಯಲ್ಲಿ ಸ್ಪ್ರೇ ಚೆಕ್ ಮಾಡಿಸಿ ಚಿಕ್ಕಪ್ಪ, ಒಂದು ಖಂಡಿತ ತೊಟ್ಟಿಕ್ತಾ ಇದೆ."

"ಪಾಸಾಯ್ತಲ್ಲೋ. ಇನ್ನಾರು ತಿಂಗಳು ಯಾರು ಕೇಳ್ತಾರೆ?"

ಹೊಗೆ, ಶ್ವಾಸಕೋಶ, ಹಿಂದೆ ಸ್ಕೂಟರಿನಲ್ಲಿ ಬರೋ ಮಕ್ಕಳು, ಎಲ್ಲ ಹೇಳಿದೆ. ಹೂಂ, ಹೂಂ ಅಂದರು. ಕೊನೆಗೆ "ಮೈಲೇಜ್ ಸ್ವಲ್ಪ ಜಾಸ್ತಿ ಸಿಗಬಹುದು" ಅಂದೆ. ಫೋನಿನ ಆ ಕಡೆ ಟೀವಿ ಸದ್ದು ನಿಂತಿತು.

"ಎಷ್ಟು ಜಾಸ್ತಿ?"

ಸೋಮವಾರ ಬಿಚ್ಚಿಸ್ತಾರಂತೆ. ಮೂರನೇ ಸಿಲಿಂಡರಿನದು ಮೊದಲು ನೋಡೋಕೆ ಹೇಳಿ ಅಂದಿದೀನಿ, ಸ್ಟಾರ್ಟ್ ಆದಾಗ ಬಡಿಯೋ ಸದ್ದು ಆ ಕಡೆಯಿಂದಲೇ ಬರ್ತಿತ್ತು.