ಮುಚ್ಚುವ ಮುನ್ನ ನೋಡಿದ್ದಕ್ಕೆ ಹಾಕುವ ಸಹಿ

ವಿಮಾನದ ಚಕ್ರ ಮತ್ತು ಬ್ರೇಕ್‌ಗಳನ್ನು ದುರಸ್ತಿ ಮಾಡುವ ಬೆಂಗಳೂರಿನ ಒಂದು ಕಾರ್ಯಾಗಾರದಲ್ಲಿ ತಪಾಸಣಾ ವಿಭಾಗದ ಹೊಣೆ ನನ್ನದು. ದುರಸ್ತಿಯಾದ ಬಿಡಿಭಾಗ ಮತ್ತೆ ವಿಮಾನಕ್ಕೆ ಹೋಗಬೇಕಾದರೆ ಅದರ ಜೊತೆ ಭಾರತದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಿಗದಿಪಡಿಸಿದ ಸಿಎ ಫಾರ್ಮ್ 1 ಎಂಬ ಬಿಡುಗಡೆ ಪ್ರಮಾಣಪತ್ರ ಇರಬೇಕು. ಇದೇ ಕೆಲಸಕ್ಕೆ ಯುರೋಪಿನಲ್ಲಿ ಇಎಎಸ್‌ಎ ಫಾರ್ಮ್ 1, ಅಮೆರಿಕದಲ್ಲಿ ಎಫ್‌ಎಎ 8130-3 ಬಳಕೆಯಲ್ಲಿವೆ. ಈ ಹಾಳೆಗೆ ಸಹಿ ಹಾಕುವುದೇ ನಮ್ಮ ಕೆಲಸವೆಂದು ಹಲವರು ತಿಳಿದಿದ್ದಾರೆ. ಆದರೆ ಸಹಿಯ ಹೊತ್ತಿಗೆ ಚಕ್ರದ ಜೋಡಣೆ ಮುಗಿದು, ಟೈರ್ ಏರಿ, ನೈಟ್ರೋಜನ್ ತುಂಬಿಯಾಗಿರುತ್ತದೆ. ನಿಜವಾಗಿ ನೋಡಬೇಕಾದ ಜಾಗಗಳೆಲ್ಲ ಆಗ ಟೈರಿನ ಅಡಿಯಲ್ಲಿ ಮರೆಯಾಗಿರುತ್ತವೆ. ಆದ್ದರಿಂದ ಆ ಜಾಗಗಳನ್ನು ಮುಚ್ಚುವ ಮುನ್ನ ಯಾರೋ ಒಬ್ಬರು ಸಾವಧಾನವಾಗಿ ನೋಡಿ, ನೋಡಿದ್ದನ್ನು ಆಗಲೇ ಬರೆದಿಟ್ಟಿದ್ದಾರೆ ಎಂಬ ಭರವಸೆಯ ಮೇಲೆಯೇ ನನ್ನ ಸಹಿ ನಿಂತಿದೆ. ಆ ಭರವಸೆ ಹುಸಿಯಾಗದಂತೆ ನೋಡಿಕೊಳ್ಳುವುದೇ ಮುಖ್ಯ ತಪಾಸಕನ ಕೆಲಸವೆಂದು ನಾನು ನಂಬಿದ್ದೇನೆ.

ಪ್ರಯಾಣಿಕ ವಿಮಾನದ ಮುಖ್ಯ ಚಕ್ರವೆಂದರೆ ಅಲ್ಯುಮಿನಿಯಂ ಮಿಶ್ರಲೋಹದ ಎರಡು ಅರ್ಧಗಳನ್ನು ಬೋಲ್ಟ್‌ಗಳಿಂದ ಬಿಗಿದ ಜೋಡಣೆ. ಟೈರಿನ ಅಂಚು ಕೂರುವ ಬಾಗಿದ ಮೂಲೆಯ ಮೇಲೆ ಪ್ರತಿ ಸುತ್ತಿನಲ್ಲೂ ಭಾರ ಏರಿ ಇಳಿಯುವುದರಿಂದ ಬಿರುಕು ಸಾಮಾನ್ಯವಾಗಿ ಅಲ್ಲಿಂದಲೇ ಹುಟ್ಟುತ್ತದೆ. ಟೈರ್ ಬಿಚ್ಚಿದಾಗ ಆ ಜಾಗವನ್ನು, ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ಬಿರುಕು ಪತ್ತೆಹಚ್ಚುವ ಎಡ್ಡಿ ಕರೆಂಟ್ ಉಪಕರಣದಿಂದ ಸುತ್ತಲೂ ಪರೀಕ್ಷಿಸುತ್ತೇವೆ. ಉಕ್ಕಿನ ಬೋಲ್ಟ್‌ಗಳಿಗೆ ಕಾಂತೀಯ ಕಣಗಳ ಪರೀಕ್ಷೆ ನಡೆಯುತ್ತದೆ. ಬ್ರೇಕಿನ ಬಿಸಿಗೆ ಅತಿಯಾಗಿ ಕಾದ ಚಕ್ರ ಹೊರನೋಟಕ್ಕೆ ಚೆನ್ನಾಗಿಯೇ ಇದ್ದರೂ ಒಳಗೆ ಮೆತ್ತಗಾಗಿರಬಹುದು. ಅಂಥ ಸಂಶಯವಿದ್ದಾಗ ಲೋಹದ ಗಡಸುತನ ಮತ್ತು ವಿದ್ಯುತ್ ವಾಹಕತೆಯನ್ನು ಅಳೆಯುತ್ತೇವೆ.

ಇತ್ತೀಚೆಗೆ ನಮ್ಮ ಕಿರಿಯ ತಪಾಸಕನೊಬ್ಬ ಎಡ್ಡಿ ಕರೆಂಟ್ ಪ್ರೋಬನ್ನು ನಿಧಾನವಾಗಿ ಸಾಗಿಸುತ್ತಿದ್ದಾಗ ಪರದೆಯ ಮೇಲಿನ ಚುಕ್ಕಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚಿಮ್ಮಿತು. ಗೊತ್ತಿರುವ ಆಳದ ಗೀರನ್ನು ಕೊರೆದಿಟ್ಟ ಮಾದರಿ ತುಂಡಿನ ಮೇಲೆ ಉಪಕರಣವನ್ನು ಮತ್ತೊಮ್ಮೆ ಹೊಂದಿಸಿ ನೋಡಿದರೂ ಅದೇ ಸಂಕೇತ ಬಂತು. "ಸರ್, ಇದು ಬಣ್ಣದ ಕೆಳಗಿನ ಗೀರು ಇರ್ಬೇಕು, ಬಿರುಕಲ್ಲ ಅನ್ಸುತ್ತೆ" ಎಂದ. "ಅನ್ಸಿದ್ದನ್ನ ಕಾರ್ಡಲ್ಲಿ ಬರೆಯೋಕಾಗಲ್ಲಪ್ಪ, ಬಣ್ಣ ತೆಗೆಸಿ ನೋಡೋಣ" ಎಂದೆ. ಬಣ್ಣ ತೆಗೆಸಿ, ಹೊಳೆಯುವ ದ್ರಾವಣ ಹಚ್ಚಿ, ಅದು ಒಳಗಿಳಿಯಲು ಕೈಪಿಡಿ ಹೇಳಿದಷ್ಟು ಹೊತ್ತು ಬಿಟ್ಟು, ತೊಳೆದು, ಬಿರುಕಿನಲ್ಲಿ ಉಳಿದ ದ್ರಾವಣವನ್ನು ಹೊರಗೆಳೆಯುವ ಡೆವಲಪರ್ ಹಾಕಿ ಕತ್ತಲ ಕೋಣೆಗೆ ಒಯ್ದೆವು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೇರಳಾತೀತ ದೀಪ ಹಿಡಿದಾಗ ಆ ಬಾಗಿನ ಗುಂಟ, ಅಕ್ಕಿಕಾಳಿನಷ್ಟೂ ಉದ್ದವಿಲ್ಲದ, ಹಸಿರು ಹಳದಿಯ ಒಂದು ಗೆರೆ ಹೊಳೆಯಿತು. ಆ ಹುಡುಗ ತಾನಾಗಿಯೇ ತಿರಸ್ಕಾರದ ಕೆಂಪು ಟ್ಯಾಗ್ ತಂದು ಕಟ್ಟಿದ. ಸಂಶಯವನ್ನು ಅವನು ತನ್ನಲ್ಲೇ ನುಂಗಿಕೊಳ್ಳದೆ ಬಾಯಿಬಿಟ್ಟು ಹೇಳಿದ್ದು ನನಗೆ ಆ ಬಿರುಕು ಸಿಕ್ಕಿದ್ದಕ್ಕಿಂತ ಹೆಚ್ಚಿನ ಸಮಾಧಾನ ತಂದಿತು.

ಹೊಸಬರಿಗೆ ತರಬೇತಿ ಕೊಡುವಾಗ ನಾನು ತಪ್ಪದೆ ಹೇಳುವ ಪ್ರಕರಣ ಅಮೆರಿಕದ ಸಿಯೂ ಸಿಟಿಯ ವಿಮಾನ ಅಪಘಾತದ್ದು. 1989ರ ಜುಲೈ 19ರಂದು 296 ಜನರಿದ್ದ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-10 ವಿಮಾನದ ಬಾಲದ ಎಂಜಿನ್ನಿನಲ್ಲಿ ಫ್ಯಾನಿನ ರೆಕ್ಕೆಗಳನ್ನು ಹಿಡಿದಿಡುವ ಡಿಸ್ಕ್ ಒಡೆದು, ಅದರ ಚೂರುಗಳು ವಿಮಾನವನ್ನು ನಿಯಂತ್ರಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕತ್ತರಿಸಿದವು. ಡಿಸ್ಕ್ ತಯಾರಾದಾಗಲೇ ಟೈಟಾನಿಯಂನಲ್ಲಿ ಉಳಿದಿದ್ದ ದೋಷದಿಂದ ಬಿರುಕು ಬೆಳೆದಿತ್ತು. ಅಪಘಾತಕ್ಕೆ 760 ಹಾರಾಟಗಳ ಮುಂಚೆ ಆ ಡಿಸ್ಕ್ ಇದೇ ಬಗೆಯ ಹೊಳೆಯುವ ದ್ರಾವಣದ ಪರೀಕ್ಷೆಗೆ ಒಳಗಾಗಿ, ಪಾಸಾಗಿ ಹೊರಬಂದಿತ್ತು. ಆಗಲೇ ಆ ಬಿರುಕು ಸುಮಾರು ಅರ್ಧ ಇಂಚು ಉದ್ದವಿತ್ತೆಂದು ತನಿಖೆ ಅಂದಾಜು ಮಾಡಿತು. ಅರ್ಧ ಇಂಚೆಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕದಲ್ಲ. ಅಮೆರಿಕದ ತನಿಖಾ ಮಂಡಳಿಯು ತಪಾಸಣೆಯಲ್ಲಿ ಮನುಷ್ಯನ ಮಿತಿಗಳಿಗೆ ಸಾಕಷ್ಟು ಗಮನ ಕೊಟ್ಟಿರಲಿಲ್ಲವೆಂದು ಹೇಳಿದ್ದನ್ನು ನಾನು ಬಹಳ ಗಂಭೀರವಾಗಿ ಪರಿಗಣಿಸುತ್ತೇನೆ. ಸಾಲುಸಾಲಾಗಿ ಒಳ್ಳೆಯ ಭಾಗಗಳನ್ನೇ ನೋಡುತ್ತಾ ಹೋದ ಕಣ್ಣು ಮುಂದಿನದೂ ಒಳ್ಳೆಯದೇ ಎಂದು ಮೊದಲೇ ತೀರ್ಮಾನಿಸಿಬಿಡುತ್ತದೆ. ಇದು ಸೋಮಾರಿತನವಲ್ಲ, ಮನುಷ್ಯ ಸ್ವಭಾವ, ಬೈದು ಸರಿಪಡಿಸುವಂಥದ್ದಲ್ಲ. ಹಾಗಾಗಿ ನಮ್ಮಲ್ಲಿ ಕತ್ತಲ ಕೋಣೆಯ ಕೆಲಸಕ್ಕೆ ಒಬ್ಬರನ್ನೇ ಇಡೀ ಪಾಳಿ ಕೂರಿಸುವುದಿಲ್ಲ, ಒಳಗಿದ್ದವರಿಗೆ ಫೋನ್ ಮಾಡಲು ಯಾರಿಗೂ ಅನುಮತಿಯಿಲ್ಲ.

ಒತ್ತಡ ಬರುವುದು ಬಹುತೇಕ ಸಂಜೆಯ ಹೊತ್ತಿಗೆ. ವಿಮಾನ ನಿಂತಿದೆ, ರಾತ್ರಿಯೊಳಗೆ ಚಕ್ರ ಬೇಕು ಎಂಬ ಕರೆ ಬರುತ್ತದೆ. ಕೇಳುವವರ ಕಷ್ಟ ನಿಜವಾದದ್ದೇ. ಆದರೆ ಟೈರ್ ಏರಿಸಿದ ಚಕ್ರಕ್ಕೆ ಒತ್ತಡ ತುಂಬಿ 24 ಗಂಟೆ ಬಿಟ್ಟು ಸೋರಿಕೆ ನೋಡಬೇಕಾದಾಗ ಆ ಗಂಟೆಗಳನ್ನು ಚೌಕಾಶಿ ಮಾಡಿ ಕಡಿಮೆ ಮಾಡಲಾಗುವುದಿಲ್ಲ. ಹೊಸ ಟೈರ್ ಮೊದಲ ಗಂಟೆಗಳಲ್ಲಿ ಹಿಗ್ಗುವುದರಿಂದ ಒತ್ತಡ ಸಹಜವಾಗಿಯೇ ಇಳಿಯುತ್ತದೆ. ಹಿಗ್ಗಿದ್ದು ಯಾವುದು, ಸೋರಿದ್ದು ಯಾವುದು ಎಂದು ಹೇಳಲು ಕಾಯದೆ ಬೇರೆ ದಾರಿಯಿಲ್ಲ. ಅಂಥ ಕರೆಗಳು ತಪಾಸಕರಿಗೆ ನೇರವಾಗಿ ಹೋಗದೆ ನನಗೇ ಬರಬೇಕೆಂದು ನಾನು ಹಟ ಹಿಡಿದು ವ್ಯವಸ್ಥೆ ಮಾಡಿಸಿದ್ದೇನೆ. ಗಡುವಿನ ಹೊಣೆ ಹೊತ್ತವರೇ ತಪಾಸಕನಿಗೂ ಮೇಲಧಿಕಾರಿಯಾಗಿರುವ ಕಡೆ ತಪಾಸಣೆ ನಡೆಯುವುದು ಹೆಸರಿಗೆ ಮಾತ್ರ.

ನೈಟ್ರೋಜನ್ನಿನ ವಿಷಯದಲ್ಲೂ ನಾನು ಸಡಿಲ ಬಿಡುವುದಿಲ್ಲ. ಗಾಳಿ ತುಂಬಿದ ಟೈರ್ ಅತಿಯಾಗಿ ಕಾದರೆ ಅದರೊಳಗಿನ ಆಮ್ಲಜನಕ ರಬ್ಬರಿನ ಆವಿಯೊಡನೆ ಸೇರಿ ಸ್ಫೋಟಿಸಬಹುದು. 1986ರ ಮಾರ್ಚ್ 31ರಂದು ಮೆಕ್ಸಿಕೋದ ಮೆಕ್ಸಿಕಾನಾ ವಿಮಾನ ಸಂಸ್ಥೆಯ ಬೋಯಿಂಗ್ 727 ವಿಮಾನದಲ್ಲಿ, ಬ್ರೇಕ್ ಅತಿಯಾಗಿ ಕಾದು, ನೈಟ್ರೋಜನ್ ಬದಲು ಗಾಳಿ ತುಂಬಿದ್ದ ಟೈರ್ ಹಾರಾಟದಲ್ಲೇ ಸ್ಫೋಟಗೊಂಡು 167 ಜನ ಸತ್ತರು. ಮರುವರ್ಷವೇ ಅಮೆರಿಕದಲ್ಲಿ ಟೈರಿನೊಳಗೆ ಆಮ್ಲಜನಕ ಶೇಕಡಾ 5ನ್ನು ಮೀರಬಾರದೆಂಬ ಆದೇಶ ಬಂತು.

ಇನ್ನು ಕಾಗದದ ಮಾತು. ಪ್ರಮಾಣಪತ್ರದ 11ನೇ ಕಲಂನಲ್ಲಿ ಮಾಡಿದ ಕೆಲಸದ ಬಗೆಯನ್ನೂ 12ನೇ ಕಲಂನಲ್ಲಿ ಅದಕ್ಕೆ ಆಧಾರವಾದ ಕೈಪಿಡಿಯನ್ನೂ ಅದರ ಪರಿಷ್ಕರಣೆಯ ಸಂಖ್ಯೆಯನ್ನೂ ಬರೆಯುತ್ತೇವೆ. ಬರೀ ಪರೀಕ್ಷಿಸಿದ್ದನ್ನು ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ದುರಸ್ತಿ, ಮಾಡಿದ್ದೇವೆಂದು ಬರೆಯುವುದು ಸುಳ್ಳು ಸಾಕ್ಷಿ ಹೇಳಿದಂತೆಯೇ. ಆ ಹಾಳೆಯಿದ್ದ ಮಾತ್ರಕ್ಕೆ ಭಾಗವನ್ನು ವಿಮಾನಕ್ಕೆ ಜೋಡಿಸುವ ಅಧಿಕಾರ ತಾನಾಗಿ ಸಿಗುವುದಿಲ್ಲವೆಂದು ಫಾರ್ಮಿನಲ್ಲೇ ಸ್ಪಷ್ಟವಾಗಿದೆ, ಜೋಡಿಸುವವರೂ ಪರಿಶೀಲಿಸಲೇಬೇಕು. ನಮಗೆ ಬರುವ ಬೇರಿಂಗು, ಬೋಲ್ಟುಗಳ ವಿಷಯದಲ್ಲಿ ನಾವೂ ಹಾಗೆಯೇ ನಡೆದುಕೊಳ್ಳುತ್ತೇವೆ. 2023ರಲ್ಲಿ ಬಯಲಾದ ಎಂಜಿನ್ ಬಿಡಿಭಾಗ ಮಾರುತ್ತಿದ್ದ ಲಂಡನ್ನಿನ ಎಒಜಿ ಟೆಕ್ನಿಕ್ಸ್ ಕಂಪನಿಯ ಪ್ರಕರಣದಲ್ಲಿ, ದಾಖಲೆ ಹೊಸದೆಂದು ಹೇಳುತ್ತಿದ್ದ ಎಂಜಿನ್ ಭಾಗದ ಮೇಲೆ ಸವೆತದ ಗುರುತು ಕಂಡು ಪೋರ್ಚುಗಲ್‌ನ ಟಿಎಪಿ ವಿಮಾನ ಸಂಸ್ಥೆಯ ದುರಸ್ತಿ ಸಿಬ್ಬಂದಿ ತಯಾರಕರನ್ನು ವಿಚಾರಿಸಿದ್ದರಿಂದಲೇ ಖೋಟಾ ಪ್ರಮಾಣಪತ್ರಗಳು ಹೊರಬಿದ್ದವು. ಕೈಯಲ್ಲಿ ಕಾಗದ, ಎದುರಿಗೆ ಭಾಗ, ಎರಡನ್ನೂ ಒಟ್ಟಿಗೆ ನೋಡಿದವರು ಅವರು.

ತಿರಸ್ಕರಿಸಿದ ಚಕ್ರವನ್ನು ಕೆಂಪು ಟ್ಯಾಗ್ ಕಟ್ಟಿ ಗುಜರಿಗೆ ಹಾಕಿದರೆ ಸಾಲದು. ಟ್ಯಾಗ್ ಬಿಚ್ಚಿ, ಬಣ್ಣ ಬಳಿದರೆ ಅದು ಮತ್ತೆ ಮಾರುಕಟ್ಟೆಗೆ ಬಂದೀತು. ಆದ್ದರಿಂದ ಮಾಲೀಕರ ಒಪ್ಪಿಗೆ ಬಂದ ಮೇಲೆ ಬೇರಿಂಗ್ ಕೂರುವ ನಡುಭಾಗವನ್ನು ಗರಗಸದಿಂದ ಸೀಳಿಸಿ, ಸೀರಿಯಲ್ ನಂಬರನ್ನು ಅಳಿಸಿ, ತುಂಡುಗಳ ಛಾಯಾಚಿತ್ರವನ್ನು ಕಡತಕ್ಕೆ ಸೇರಿಸಿದ ಮೇಲಷ್ಟೇ ಆ ವರ್ಕ್ ಆರ್ಡರನ್ನು ಮುಗಿಸುತ್ತೇನೆ.