ಹಳೆಯ ಗೇಮ್‌ಗಳ ಟೆಕ್ನೋ ಸಂಗೀತವನ್ನು ಇಂದಿಗೂ ಏಕೆ ಕೇಳುತ್ತೀರಿ?

ಮೂವತ್ತು ವರ್ಷ ಹಳೆಯ ವಿಡಿಯೋ ಗೇಮ್‌ಗಳ ಟೆಕ್ನೋವನ್ನು, ಅಂದರೆ ಯಂತ್ರಗಳಲ್ಲಿ ನುಡಿಸುವ ನೃತ್ಯ ಸಂಗೀತವನ್ನು, ಕೆಲಸದ ನಡುವೆಯೂ ರಾತ್ರಿ ಬಸ್ಸಿನಲ್ಲಿಯೂ ಕೇಳುತ್ತಿರುತ್ತೇನೆ. ಇದನ್ನು ಬಲ್ಲವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಬಾಲ್ಯದ ನೆನಪು ಬಿಟ್ಟರೆ ಅದರಲ್ಲಿ ಇನ್ನೇನಿದೆ?"

ನನ್ನ ಬಾಲ್ಯದಲ್ಲಿ ಆ ಗೇಮ್‌ಗಳು ಇರಲೇ ಇಲ್ಲ. ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರವಾದ ಸೆಗಾ ಮೆಗಾ ಡ್ರೈವ್ ನಮ್ಮ ಮನೆಗೆ ಬಂದದ್ದಲ್ಲ. ಅದರ ಸಂಗೀತ ನನಗೆ ಸಿಕ್ಕಿದ್ದು ದೊಡ್ಡವನಾದ ಮೇಲೆ, ಅಂತರ್ಜಾಲದಲ್ಲಿ. ಹಾಗಾಗಿ ನೆನಪು ಎಂಬ ಉತ್ತರ ನನ್ನ ಮಟ್ಟಿಗೆ ಒಪ್ಪುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದವರು ಜಪಾನಿನ ಗೇಮ್ ಸಂಗೀತಗಾರ ಯುಜೋ ಕೊಶಿರೊ. 1991ರಲ್ಲಿ ಮೆಗಾ ಡ್ರೈವ್‌ಗೆ 'ಸ್ಟ್ರೀಟ್ಸ್ ಆಫ್ ರೇಜ್' ಎಂಬ ಹೊಡೆದಾಟದ ಗೇಮ್ ಬಂದಾಗ ಅವರಿಗೆ ಇನ್ನೂ 23 ವರ್ಷ. ಗೇಮ್‌ನ ಮೊದಲ ಪರದೆಯಲ್ಲೇ ಸಂಗೀತಗಾರನಾಗಿ ಅವರ ಹೆಸರು ಕಾಣುತ್ತದೆ. ಗೇಮ್ ಸಂಗೀತಗಾರರ ಹೆಸರನ್ನು ಕಂಪನಿಗಳು ಮುಚ್ಚಿಡುತ್ತಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಅಮೆರಿಕದ ನೃತ್ಯ ಸಂಗೀತಗಳಾದ ಶಿಕಾಗೋದ ಹೌಸ್, ಡೆಟ್ರಾಯಿಟ್‌ನ ಟೆಕ್ನೋ ಅವರ ಕಿವಿ ತುಂಬಿದ್ದವು. ಆದರೆ ಅವರ ಕೈಯಲ್ಲಿದ್ದದ್ದು ಸ್ಟುಡಿಯೋ ಅಲ್ಲ, ಮೆಗಾ ಡ್ರೈವ್‌ನಲ್ಲಿ ಸದ್ದು ಹೊರಡಿಸುವ ಯಮಹಾ ಚಿಪ್. ಅದರಲ್ಲಿ ಆರು ಚಾನೆಲ್‌ಗಳು, ಅಂದರೆ ಒಟ್ಟಿಗೆ ನುಡಿಸಬಹುದಾದ ಆರು ದನಿಗಳು. ಆರನೆಯದರಲ್ಲಿ ಮೊದಲೇ ಮುದ್ರಿಸಿಟ್ಟ ಡ್ರಮ್ ಸದ್ದನ್ನು ನುಡಿಸಿದರೆ ಸ್ವರಗಳಿಗೆ ಉಳಿಯುವುದು ಐದೇ. ಜೊತೆಗೆ ಇನ್ನೊಂದು ಚಿಪ್ಪಿನ ಮೂರು ಸರಳ ಸ್ವರಗಳು, ಒಂದು ಗೊರಗೊರ ಸದ್ದು. ಎನ್‌ಇಸಿ ಕಂಪನಿಯ ಹಳೆಯ ಪಿಸಿ-88 ಕಂಪ್ಯೂಟರಿನಲ್ಲಿ, ತಾವೇ ಬೆಳೆಸಿಕೊಂಡ ಸಂಕೇತ ಭಾಷೆಯಲ್ಲಿ, ಅವರು ಒಂದೊಂದು ಸ್ವರವನ್ನೂ ಟೈಪ್ ಮಾಡಿ ಬರೆದರು.

ಇಷ್ಟು ಕಡಿಮೆಯಲ್ಲಿ ಇಡೀ ವಾದ್ಯವೃಂದವನ್ನು ಅನುಕರಿಸಲು ಹೊರಟವರ ಸಂಗೀತದಲ್ಲಿ ಕೊರತೆ ಎದ್ದು ಕಾಣುತ್ತದೆ. ಚಿಪ್ಪಿನ ಪಿಟೀಲು ಪಿಟೀಲಾಗುವುದಿಲ್ಲ. ಟೆಕ್ನೋಗೆ ಆ ತೊಂದರೆಯೇ ಇಲ್ಲ, ಏಕೆಂದರೆ ಅದು ಹುಟ್ಟಿದ್ದೇ ಯಂತ್ರಗಳಲ್ಲಿ. ಒಂದು ಡ್ರಮ್, ತಗ್ಗು ಸ್ವರದ ಒಂದು ಬೇಸ್, ಮೇಲೆ ಒಂದೆರಡು ಎಳೆ, ಅಷ್ಟೇ ಅದರ ಬಂಡವಾಳ. ಇನ್ನೊಂದು ಕಾರಣವೂ ಇದೆ, ನನಗೆ ಅದೇ ಮುಖ್ಯ. ಆಡುವವನು ಒಂದು ಹಂತದಲ್ಲಿ ಒಂದು ನಿಮಿಷ ಇರಬಹುದು, ಹತ್ತು ನಿಮಿಷ ಸಿಕ್ಕಿಬಿದ್ದಿರಬಹುದು. ಅಲ್ಲಿಯವರೆಗೆ ಸಂಗೀತ ಸುತ್ತುತ್ತಲೇ ಇರಬೇಕು, ಬೇಸರ ತರಬಾರದು. ನೃತ್ಯದ ಅಂಗಳದಲ್ಲಿ ಡಿಜೆ ಎದುರಿಸುವ ಸವಾಲೂ ಇದೇ. ಅದಕ್ಕೇ 'ಸ್ಟ್ರೀಟ್ಸ್ ಆಫ್ ರೇಜ್'ನ 1992ರ ಎರಡನೆಯ ಭಾಗದಲ್ಲಿ ಬೇಸ್ ಎಷ್ಟು ಸಲ ಮರಳಿ ಬಂದರೂ ನನಗೆ ಸಾಕೆನಿಸಿಲ್ಲ.

ಬ್ರಿಟನ್ನಿನಲ್ಲಿ ಕಥೆ ಬೇರೆ. ಲಿವರ್‌ಪೂಲ್‌ನ ಸಿಗ್ನೋಸಿಸ್ ಸಂಸ್ಥೆ 1995ರಲ್ಲಿ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್‌ಗೆ 'ವೈಪ್‌ಔಟ್' ಎಂಬ ರೇಸಿಂಗ್ ಗೇಮ್ ತಂದಿತು. ಸಿಡಿ ಬಂದಿದ್ದರಿಂದ ಚಿಪ್ಪಿನ ಹಂಗು ತಪ್ಪಿತ್ತು. ಟಿಮ್ ರೈಟ್ ಅವರ ಸಂಗೀತದ ಜೊತೆಗೆ ಯುರೋಪಿನ ಆವೃತ್ತಿಯಲ್ಲಿ ಲೆಫ್ಟ್‌ಫೀಲ್ಡ್, ಆರ್ಬಿಟಲ್, ಕೆಮಿಕಲ್ ಬ್ರದರ್ಸ್ ಎಂಬ ನೃತ್ಯ ಸಂಗೀತ ತಂಡಗಳ ಧ್ವನಿಮುದ್ರಿಕೆಗಳೂ ಇದ್ದವು. ಕ್ಲಬ್ಬಿಗೆ ಹೋಗುವ ವಯಸ್ಸಾಗದ, ಅಥವಾ ಹತ್ತಿರದಲ್ಲಿ ಕ್ಲಬ್ಬೇ ಇಲ್ಲದ ಊರಿನ ಮಕ್ಕಳಿಗೆ ಆ ಸಂಗೀತ ಮನೆಯ ಟಿವಿಯಿಂದ ಕೇಳಿಸಿತು. ನೃತ್ಯ ಸಂಗೀತಕ್ಕೆ ಗೇಮ್‌ಗಳು ಮಾಡಿದ ದೊಡ್ಡ ಉಪಕಾರ ಅದು. ಜಪಾನಿನ ನಾಮ್ಕೊ ಕಂಪನಿಯ ಕಾರ್ ರೇಸ್ ಗೇಮ್ 'ರಿಡ್ಜ್ ರೇಸರ್' ಇನ್ನೂ ಮುಂದೆ ಹೋಗಿತ್ತು: ಗೇಮ್ ಪೂರ್ತಿ ಪ್ಲೇಸ್ಟೇಷನ್ನಿನ ಮೆಮೊರಿಗೆ ಇಳಿದ ಮೇಲೆ ಸಿಡಿಯನ್ನು ತೆಗೆದು, ನಿಮ್ಮ ಇಷ್ಟದ ಸಂಗೀತದ ಸಿಡಿ ಹಾಕಿ ಕಾರು ಓಡಿಸಬಹುದಿತ್ತು.

ಹಾಗಾದರೆ ಹಂಬಲ ಇಲ್ಲವೇ? ಇದೆ. ನನ್ನದಲ್ಲದ ಕಾಲಕ್ಕಾಗಿ ಇದೆ. ಹೊಸ ಸಂಗೀತ ಯಾವ ದಾರಿಯಿಂದ ಬರುತ್ತದೆಂದು ಗೊತ್ತಿಲ್ಲದ, ಹೊಡೆದಾಟದ ಗೇಮ್ ಆಡಲು ಕೂತವನಿಗೆ ಡೆಟ್ರಾಯಿಟ್‌ನ ಪರಿಚಯವಾಗುತ್ತಿದ್ದ ಕಾಲವದು. ಇಂದಿನ ಗೇಮ್‌ಗಳಲ್ಲಿ ಒಳ್ಳೆಯ ಸಂಗೀತ ಬೇಕಾದಷ್ಟಿದೆ, ಆದರೆ ಆ ಅನಿರೀಕ್ಷಿತ ಭೇಟಿ ಅಪರೂಪವಾಗಿದೆ.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ 'ಸ್ಟ್ರೀಟ್ಸ್ ಆಫ್ ರೇಜ್ 2' ಸಾಕು, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಅದು ಹಿಡಿಸಿದರೆ 1994ರ ಮೂರನೆಯ ಭಾಗಕ್ಕೆ ಹೋಗಿ. ಇನ್ನೊಬ್ಬ ಸಂಗೀತಗಾರ ಮೊಟೊಹಿರೊ ಕವಾಶಿಮಾ ಜೊತೆಗೂಡಿ ಕೊಶಿರೊ ಅಲ್ಲಿ ಸ್ವರಗಳ ಆಯ್ಕೆಯನ್ನು ಭಾಗಶಃ ಕಂಪ್ಯೂಟರಿಗೇ ಬಿಟ್ಟಿದ್ದರು. ಒರಟು, ಕಿವಿಗೆ ಚುಚ್ಚುವ ಸಂಗೀತವದು. ಬಹಳ ಮಂದಿ ಅದನ್ನು ಗದ್ದಲವೆಂದು ತಳ್ಳಿಹಾಕಿದ್ದಾರೆ. ನನಗಂತೂ ಮೂರರಲ್ಲಿ ಅದೇ ಅತ್ಯಂತ ಧೈರ್ಯದ ಕೆಲಸ.